ಖೋ ಹೇಳುವವರೆಗೆ

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಕೂತ ಮಕ್ಕಳು ತಟ್ಟೆ ಖಾಲಿಯಾದ ಕೂಡಲೇ ಎದ್ದು ನಲ್ಲಿಯ ಕಡೆ ಓಡುವುದಿಲ್ಲ. ಗುಬ್ಬಿಗೆ ಹೊಸದಾಗಿ ಬಂದ ಶಿಕ್ಷಕರಿಗೆಲ್ಲ ಇದೊಂದು ವಿಚಿತ್ರ. ಸಾಲಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ತಿನ್ನುವ ಮಗುವಿನ ಕೊನೆಯ ತುತ್ತು ಇಳಿಯುವವರೆಗೆ ಉಳಿದವರು ಎಂಜಲು ಕೈ ಒಣಗಿಸಿಕೊಂಡು ಕೂತಿರುತ್ತಾರೆ. ಆಮೇಲೆ ಸಾಲಿನ ತುದಿಯಿಂದ 'ಖೋ' ಎಂಬ ಕೂಗು ಕೇಳಿಸುತ್ತದೆ. ಆಗ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಈಗ ಆ ಕೂಗು ಹಾಕುವ ಕೆಲಸ ನನ್ನ ಮೇಲೆ ಬಿದ್ದಿದೆ. ಗಣಿತ ಹೇಳಿಕೊಡುವ, ನಿವೃತ್ತಿಗೆ ಹತ್ತಿರವಾದ, ಆಟವೆಂದರೆ ಚೌಕಾಬಾರವಷ್ಟೇ ಗೊತ್ತಿರುವ ಹೆಂಗಸಿನ ಮೇಲೆ ಅದು ಹೇಗೆ ಬಿತ್ತು ಎಂದು ಹೇಳಬೇಕಾದರೆ ನಮ್ಮ ಪಿಟಿ ಮೇಷ್ಟ್ರ ವಿಷಯ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಬದುಕಿದ್ದಾಗ ನಾಲ್ಕು ದಿನ ಮಾತು ಬಿಡುತ್ತಿದ್ದರು. ಅದರಲ್ಲೂ ಈ ವಿಷಯ ಬರೆದರೆ ಎಂಟು ದಿನ. ಅವರ ಹೆಂಡತಿಯನ್ನು ಕೇಳಿಕೊಂಡೇ ಬರೆಯಲು ಕೂತಿದ್ದೇನೆ. "ಬರೀರಿ ಅಕ್ಕ. ಇವ್ರು ತಿಂದಂಗೆ ಇನ್ಯಾರೂ ಸುಮ್‌ಸುಮ್ನೆ ನೋವು ತಿನ್ನೋದ್ ಬ್ಯಾಡ," ಅಂದರು.

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದಲ್ಲಿ ಹುಟ್ಟಿದವರು. ಓದಿದ್ದು ತುಮಕೂರಿನಲ್ಲಿ, ಒಂದು ಮಠದ ಹಾಸ್ಟೆಲಿನಲ್ಲಿ. ಅಲ್ಲಿ ಸಾವಿರಾರು ಹುಡುಗರ ನಡುವೆ ಮುದ್ದೆ ಉಂಡು ಬೆಳೆದವರಿಗೆ ಪಂಕ್ತಿಯೆಂದರೆ ಪ್ರಾಣ. ಕೊನೆಯವನು ಉಂಡು ಮುಗಿಸುವ ಮೊದಲು ಎದ್ದರೆ ಅವನಿಗೆ ಅವಮಾನ ಮಾಡಿದಂತೆ ಎಂದು ಹಾಸ್ಟೆಲಿನಲ್ಲಿ ಯಾರೋ ಹಿರಿಯರು ಹೇಳಿದ್ದರಂತೆ. ಅದನ್ನು ತಂದು ನಮ್ಮ ಶಾಲೆಯ ಬಿಸಿಯೂಟಕ್ಕೆ ಅಂಟಿಸಿದರು. ಖೋ ಖೋ ಆಟದಲ್ಲಿ ಹಿಂದಿನವರು ಖೋ ಕೊಡದೆ ಕೂತವರು ಏಳುವ ಹಾಗಿಲ್ಲ. ಅದೇ ನಿಯಮ ಊಟಕ್ಕೂ. ತಾವೂ ಒಂದು ಸ್ಟೀಲ್ ತಟ್ಟೆ ಹಿಡಿದು ಸಾಲಿನ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾವು ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ನಮ್ಮ ನಮ್ಮ ಡಬ್ಬಿ ಬಿಚ್ಚುತ್ತಿದ್ದೆವು.

ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಕ್ಲಾಸಿನ ಕಿಟಕಿಯ ಪಕ್ಕದಲ್ಲೇ ಮೈದಾನ. ನಾನು ಇತ್ತ ಸಮೀಕರಣ ಬಿಡಿಸುವಾಗ ಅತ್ತ ಅವರ ಸೀಟಿ. ಪರೀಕ್ಷೆ ಹತ್ತಿರ ಬಂದಾಗ ಅವರ ಪಿರಿಯಡ್ ಕೊಡಿ ಎಂದು ಕೇಳಲು ಹೋದರೆ ಕೈ ಮುಗಿದುಬಿಡುತ್ತಿದ್ದರು. "ಮೇಡಂ, ನಿಮ್ ಎಕ್ಸ್ ವೈ ಎಲ್ಲೂ ಓಡೋಗಲ್ಲ. ಮಕ್ಳು ಓಡ್ಬೇಕು, ಬುಡಿ."

ಆದರೆ ಒಂದು ಗುಣಕ್ಕೆ ನಾನು ಸೋತೆ. ತಾವು ಮಾಡದ್ದನ್ನು ಮಕ್ಕಳಿಗೆ ಹೇಳುತ್ತಿರಲಿಲ್ಲ. ತಡವಾಗಿ ಬಂದವರು ಮೈದಾನ ಸುತ್ತಬೇಕು ಎಂಬ ಕಾನೂನು ಅವರದೇ. ನಾವಿಬ್ಬರೂ ತುಮಕೂರಿನಿಂದ ಬೆಳಗಿನ ರೈಲಿಗೆ ಬರುತ್ತಿದ್ದೆವು. ಒಂದು ದಿನ ರೈಲು ತಡವಾಗಿ ಪ್ರಾರ್ಥನೆ ಮುಗಿದುಹೋಗಿತ್ತು. ನಾನು ಸೆರಗು ಸರಿ ಮಾಡಿಕೊಂಡು ನೇರ ಕ್ಲಾಸಿಗೆ ಹೋದೆ. ಅವರು ಬ್ಯಾಗನ್ನು ಕಟ್ಟೆಯ ಮೇಲಿಟ್ಟು ಮೈದಾನ ಸುತ್ತತೊಡಗಿದರು. ನನ್ನ ಕ್ಲಾಸಿನ ಮಕ್ಕಳೆಲ್ಲ ಕಿಟಕಿಗೆ ಬಿದ್ದು ನೋಡುತ್ತಿದ್ದರು. ಒಬ್ಬ ಹುಡುಗ ನನ್ನ ಕಡೆ ತಿರುಗಿ, "ಮಿಸ್, ನೀವೂ ಅದೇ ಟ್ರೈನಲ್ವಾ?" ಎಂದು ಕೇಳಿದ. ಅವನಿಗೆ ಎರಡು ಲೆಕ್ಕ ಹೆಚ್ಚಿಗೆ ಕೊಟ್ಟೆ.

ಚಳಿಗಾಲದಲ್ಲಿ ಹತ್ತನೇ ಕ್ಲಾಸಿನವರನ್ನು ಹುತ್ರಿದುರ್ಗ ಹತ್ತಿಸುತ್ತಿದ್ದರು. ಆ ಬೆಟ್ಟದಲ್ಲಿ ಹುಟ್ಟಿ ಬೆಳೆದವರು ಎಲ್ಲರಿಗಿಂತ ಮುಂದೆ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಏದುಸಿರು ಬಿಡುವ ದಪ್ಪನೆಯ ಹುಡುಗನೋ ಚಪ್ಪಲಿ ಕಿತ್ತುಹೋದ ಹುಡುಗಿಯೋ ಯಾರು ಕೊನೆಯಲ್ಲಿದ್ದಾರೋ ಅವರ ಹಿಂದೆ ಇವರು. "ನಿಧಾನಕ್ ನಡಿಯೋ, ಬೆಟ್ಟ ಇಲ್ಲೇ ಇರ್ತದೆ," ಎನ್ನುತ್ತಾ ಬರುತ್ತಿದ್ದರು. ಮೇಲೆ ಎಲ್ಲರಿಗೂ ಖಾರದ ಪುರಿ ಹಂಚಿ ಉಳಿದಿದ್ದನ್ನು ತಾವು ತಿನ್ನುತ್ತಿದ್ದರು.

ಒಂದು ವರ್ಷ ಅರ್ಧ ಬೆಟ್ಟದಲ್ಲಿ ಕೂತುಬಿಟ್ಟರು. ಹೊಟ್ಟೆ ಹಿಡಿದುಕೊಂಡು ಬಂಡೆಗೆ ಹಣೆ ಹಚ್ಚಿದ್ದರು. ಗ್ಯಾಸ್ಟ್ರಿಕ್ ಎಂದರು. ನಾವೂ ಗ್ಯಾಸ್ಟ್ರಿಕ್ ಎಂದೆವು. ನಮ್ಮ ಊರುಗಳಲ್ಲಿ ಹೊಟ್ಟೆಯ ಕಾಯಿಲೆಗೆಲ್ಲ ಅದೊಂದೇ ಹೆಸರು. ಬಾಳೆದಿಂಡಿನ ರಸವಾಯಿತು, ದೃಷ್ಟಿ ತೆಗೆಸಿದ್ದಾಯಿತು, ತುಮಕೂರಿನ ಮೂರ್ನಾಲ್ಕು ಡಾಕ್ಟರುಗಳಾಯಿತು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕ್ರೋನ್ಸ್ ಎಂಬ ಕಾಯಿಲೆ ಎಂದು ಗೊತ್ತಾಯಿತು. ಕರುಳಿನಲ್ಲಿ ಹುಣ್ಣಾಗುತ್ತದೆ, ಅಲ್ಲಲ್ಲಿ ಕರುಳು ಸಣ್ಣಗಾಗುತ್ತಾ ಬರುತ್ತದೆ, ಹತೋಟಿಯಲ್ಲಿಡಬಹುದು, ವಾಸಿಯಾಗುವುದಿಲ್ಲ. ಅವರನ್ನು ಆಗಾಗ ಕಾಡುತ್ತಿದ್ದ ಬೆನ್ನುಮೂಳೆಯ ನೋವೂ ಅದರ ನಂಟೇ ಅಂತೆ. ನೋವಿಗೆ ನಾವೆಲ್ಲ ನುಂಗುವ ಮಾತ್ರೆಗಳನ್ನು ಅವರು ಮುಟ್ಟುವಂತಿರಲಿಲ್ಲ, ಕರುಳಿನ ಹುಣ್ಣು ಹೆಚ್ಚಾಗುತ್ತದೆ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಆಗಲೂ ತಟ್ಟೆ ಹಿಡಿದು ಸಾಲಿನಲ್ಲಿ ಕೂರುವುದನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಎರಡು ತುತ್ತು ತಿಂದವರು ಇದ್ದಕ್ಕಿದ್ದಂತೆ ಎದ್ದು ಹೊಟ್ಟೆ ಹಿಡಿದುಕೊಂಡು ಶೌಚಾಲಯದ ಕಡೆ ಓಡಿದರು. ಸಾಲು ಮುರಿದು ಎದ್ದಿದ್ದು ಅದೇ ಮೊದಲು. ಮಕ್ಕಳು ಉಂಡು ಮುಗಿಸಿ ಸುಮ್ಮನೆ ಕೂತರು. ಬೆಲ್ ಹೊಡೆಯಿತು, ಆಗಲೂ ಏಳಲಿಲ್ಲ. ತುಂಬಾ ಹೊತ್ತಾದ ಮೇಲೆ ಅವರು ಗೋಡೆ ಹಿಡಿದುಕೊಂಡು ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಕಂಬಕ್ಕೆ ಒರಗಿ ಖೋ ಅಂದರು. ಮಾರನೆಯ ದಿನದಿಂದ ತಟ್ಟೆ ತರಲಿಲ್ಲ. ಆ ಕಂಬದ ಹತ್ತಿರ ನಿಂತೇ ಇರುತ್ತಿದ್ದರು. ಡ್ರಿಲ್ ಮಾಡಿಸುವ ಆಳು ಸೊರಗಿ ಸೊರಗಿ, ಸೀಟಿಯ ದಾರವೇ ಕತ್ತಿಗೆ ಭಾರವೇನೋ ಅನ್ನಿಸುವಂತಾದರು.

ಇಷ್ಟೆಲ್ಲ ಆದ ಮೇಲೆ, ಒಂದು ದೀಪಾವಳಿ ಕಳೆದು ಶಾಲೆ ಶುರುವಾದಾಗ, ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. ಅತ್ತಿತ್ತ ನೋಡಿದರು.

"ಮೇಡಂ, ಯಾರ್ಗೂ ಹೇಳ್ಬೇಡಿ. ನಾನು ಗಾಂಜಾ ತಗೋತಿದೀನಿ."

ನಾನು ನಕ್ಕೆ. ಅವರು ನಗಲಿಲ್ಲ. ಪರ್ಸಿನಿಂದ ಡಾಕ್ಟರರ ಚೀಟಿ ತೆಗೆದು ತೋರಿಸಿದರು. ಆಯುರ್ವೇದದ ಡಾಕ್ಟರೊಬ್ಬರು ಬರೆದುಕೊಟ್ಟಿದ್ದು. ಆ ಗಿಡದ ಎಲೆಯ ಸಾರ ಬೆರೆಸಿದ ಎಣ್ಣೆ. ವಿಜಯಾ ಎಂದು ಅದಕ್ಕೆ ಹಳೆಯ ಹೆಸರು. ಸಂಜೆ ನಾಲಿಗೆಯ ಕೆಳಗೆ ಕೆಲವು ಹನಿ ಬಿಟ್ಟುಕೊಳ್ಳಬೇಕು. ಲೈಸೆನ್ಸ್ ಇರುವ ಕಂಪನಿಯದು, ಚೀಟಿಯಿಲ್ಲದೆ ಕೊಡುವುದಿಲ್ಲ. ಡಾಕ್ಟರು ಮೊದಲೇ ಹೇಳಿದ್ದರಂತೆ, ಇದರಿಂದ ಕಾಯಿಲೆ ಹೋಗುವುದಿಲ್ಲ, ನೋವು ತಗ್ಗಬಹುದು, ಹಸಿವು ನಿದ್ದೆ ಬರಬಹುದು, ಬೆಂಗಳೂರಿನ ಮಾತ್ರೆ ಇಂಜೆಕ್ಷನ್ ಯಾವುದನ್ನೂ ಬಿಡಬೇಡಿ, ತಗೊಂಡ ಮೇಲೆ ಗಾಡಿ ಓಡಿಸಬೇಡಿ ಎಂದು.

"ಕೆಲಸ ಮಾಡ್ತಾ ಇದ್ಯಾ?" ಎಂದೆ.

"ರಾತ್ರಿಯೆಲ್ಲ ನಿದ್ದೆ ಬಂತು ಮೇಡಂ. ಬೆಳಿಗ್ಗೆ ಎದ್ರೆ ಹೊಟ್ಟೆ ಹಸೀತಿತ್ತು. ಹಸಿವು ಅನ್ನೋದು ಹೆಂಗಿರ್ತದೆ ಅಂತಾನೇ ಮರ್ತೋಗಿತ್ತು." ಚೀಟಿಯನ್ನು ಮಡಿಸಿ ಪರ್ಸಿಗೆ ಸೇರಿಸುತ್ತಾ, "ನಮ್ಮಜ್ಜ ಎತ್ತು ಮೇವು ಬಿಟ್ರೆ ಭಂಗಿ ಸೊಪ್ಪು ಅರೆದು ಕುಡಿಸೋನು. ಎತ್ತಿಗ್ ಕೊಡೋದನ್ನ ಪಿಟಿ ಮೇಷ್ಟ್ರಿಗೆ ಕೊಟ್ಟವ್ರೆ, ಏನ್ ಮಹಾ ವ್ಯತ್ಯಾಸ," ಎಂದರು. ಆಗ ನಕ್ಕರು.

ಬರಬರುತ್ತಾ ಮುಖಕ್ಕೆ ಕಳೆ ಬಂತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದರೆ ತಟ್ಟೆ ಹಿಡಿದು ಸಾಲಿನ ತುದಿಯಲ್ಲಿ ಕೂತಿದ್ದಾರೆ. ಅನ್ನ ಕಲಸಿದರು, ತಿಂದರು, ಅಡುಗೆಯಮ್ಮನನ್ನು ಕರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಆ ದಿನ ಎಲ್ಲರಿಗಿಂತ ಕೊನೆಗೆ ಉಂಡು ಮುಗಿಸಿದವರು ಅವರೇ. ಮಕ್ಕಳು ಅವರ ತಟ್ಟೆಯನ್ನೇ ನೋಡುತ್ತಾ ಕಾದರು. ಖೋ ಎಂದಾಗ ಇಡೀ ಶಾಲೆಗೆ ಕೇಳಿಸಿತು. ನಾನು ಡಬ್ಬಿ ಮುಚ್ಚಿಟ್ಟು ಕಣ್ಣೊರೆಸಿಕೊಂಡೆ. ಅಷ್ಟು ಸಂತೋಷವಾಗಿತ್ತು ನನಗೆ.

ಆ ಸಂತೋಷ ಜೂನ್ ತಿಂಗಳವರೆಗೆ.

ಜೂನ್ ಕೊನೆಯಲ್ಲಿ ಮಾದಕ ವಸ್ತು ವಿರೋಧಿ ದಿನ. ಎಲ್ಲ ಶಾಲೆಗಳಂತೆ ನಮ್ಮಲ್ಲೂ ಜಾಥಾ, ಭಾಷಣ, ಪ್ರತಿಜ್ಞೆ. ಪ್ರತಿಜ್ಞೆ ಬೋಧಿಸುವುದು ಯಾವಾಗಲೂ ಪಿಟಿ ಮೇಷ್ಟ್ರೇ. ಅವರಿಗದು ಕಾಟಾಚಾರದ ಕೆಲಸವಾಗಿರಲಿಲ್ಲ. ಅವರ ಕೈಕೆಳಗೆ ಆಡಿ ಜಿಲ್ಲಾ ಮಟ್ಟಕ್ಕೆ ಹೋಗಿದ್ದ ಒಬ್ಬ ಹುಡುಗ ಆಮೇಲೆ ಗಾಂಜಾ ಸೇದಲು ಹತ್ತಿ ಬುದ್ಧಿಯೇ ಕೆಟ್ಟು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿರುತ್ತಿದ್ದ. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದವರು ಇವರು. ಎರಡು ಸಲ ಸೇರಿಸಿದರು. ಅವನು ಸರಿಹೋಗಲಿಲ್ಲ.

ಆ ವರ್ಷದ ಜಾಥಾಕ್ಕೆ ಮಕ್ಕಳು ರಟ್ಟಿನ ಮೇಲೆ ಬಣ್ಣದಲ್ಲಿ ಚಿತ್ರ ಬರೆದುಕೊಂಡು ಬಂದಿದ್ದರು. ಹಸಿರು ಗಾಂಜಾ ಎಲೆ, ಅದರ ಕೆಳಗೆ ತಲೆಬುರುಡೆ. ಚೆನ್ನಾಗಿ ಬರೆದಿದ್ದವಳು ಖೋ ಖೋ ತಂಡದ ಕ್ಯಾಪ್ಟನ್, ಹಾಗಲವಾಡಿಯಿಂದ ಬಸ್ಸಿಗೆ ಬರುವ ಹುಡುಗಿ. ಅವಳು ತನ್ನ ರಟ್ಟನ್ನು, "ಸಾರ್, ಇದನ್ನ ನೀವೇ ಹಿಡ್ಕೊಳಿ," ಎಂದು ಅವರ ಕೈಗೆ ಕೊಟ್ಟಳು. ಅದೇ ಎಲೆ ಅವರ ಔಷಧಿ ಬಾಟಲಿಯ ಮೇಲೂ ಅಚ್ಚಾಗಿತ್ತು. ಗುಬ್ಬಿ ಪೇಟೆ ಉದ್ದಕ್ಕೂ ಅದನ್ನು ಎತ್ತಿ ಹಿಡಿದು ನಡೆದರು. ಆಮೇಲೆ ಮೈದಾನದಲ್ಲಿ ನಿಂತು, ನಾನು ಮುಟ್ಟುವುದಿಲ್ಲ, ಮುಟ್ಟಗೊಡುವುದಿಲ್ಲ ಎಂದು ತಾವೂ ಬಲಗೈ ಚಾಚಿ ಮಕ್ಕಳಿಂದ ಹೇಳಿಸಿದರು.

ಒಂದು ವಾರ ಕಳೆದಿರಲಿಲ್ಲ, ಅವರು ಮತ್ತೆ ಕಂಬಕ್ಕೆ ಒರಗಿ ನಿಂತಿದ್ದು ಕಂಡೆ. ಹೋಗಿ ಕೇಳಿದೆ.

"ಬಿಟ್ಬಿಟ್ಟೆ ಮೇಡಂ."

"ಯಾಕೆ? ಡಾಕ್ಟ್ರು ಹೇಳಿದ್ರಾ?"

"ಇಲ್ಲ. ಪ್ರತಿಜ್ಞೆ ಮಾಡಿಸ್ದೋನು ನಾನು."

"ಅದು ಚಟಕ್ಕೆ ಸೇದೋರಿಗೆ ರೀ. ಇದು ಔಷಧಿ. ಕಾನೂನೇ ಬೇಡ ಅನ್ನಲ್ಲ, ನಿಮ್ಮದೇನು?"

"ಕಾನೂನ್ ವಿಷ್ಯ ಅಲ್ಲ. ಮಕ್ಳಿಗೆ ಹೇಳಕ್ಕಾಗ್ದೆ ಇರೋದ್ನ ನಾನು ಯಾವತ್ತೂ ಮಾಡಿಲ್ಲ."

"ಹಾಗಾದ್ರೆ ಹೇಳಿ. ನಾನೂ ನಿಮ್ಮ ಪಕ್ಕ ನಿಂತ್ಕೋತೀನಿ."

ಅವರು ಮೈದಾನದ ಕಡೆ ನೋಡಿದರು. "ಒಂಬತ್ತನೇ ಕ್ಲಾಸ್ ಹುಡುಗ್ರು ಮೇಡಂ. ಪಿಟಿ ಸಾರೇ ತಗೋತಾರೆ ಅನ್ನೋದೊಂದೇ ಅವರ ಕಿವಿಗೆ ಬೀಳೋದು. ಔಷಧಿ ಅನ್ನೋದು ಬೀಳಲ್ಲ. ಅವನೊಬ್ಬ ಬಸ್ ಸ್ಟ್ಯಾಂಡಲ್ಲಿ ಬಿದ್ದವ್ನಲ್ಲ, ಸಾಕು. ಇನ್ನೊಬ್ಬ ನನ್ ಹೆಸ್ರು ಹೇಳ್ಕಂಡು ಬೀಳೋದ್ ಬ್ಯಾಡ."

ನಾನು ಬಾಯಿಗೆ ಬಂದಂತೆ ಬೈದೆ. ಹಟಮಾರಿ ಎಂದೆ, ನಿಮ್ಮ ಹೆಂಡತಿಯ ಮುಖ ನೋಡಿ ಎಂದೆ. ಅವರ ಆಯುರ್ವೇದದ ಡಾಕ್ಟರೂ ಫೋನಿನಲ್ಲಿ ತಿಳಿಸಿ ಹೇಳಿದರಂತೆ. ಯಾರ ಮಾತೂ ನಡೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದೇ ನನ್ನ ಸಂಕಟ. ಅವರು ಕೆಟ್ಟ ಮನುಷ್ಯರಾಗಿದ್ದರೆ ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಒಳ್ಳೆಯವರು ತಮ್ಮ ಒಳ್ಳೆಯತನದಿಂದಲೇ ನರಳುವುದನ್ನು ನೋಡುತ್ತಾ ಏನು ಮಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ರಜೆ ಹಾಕಿದರು. ಒಂದು ಆಪರೇಷನ್ ಆಯಿತು. ಆಮೇಲೆ ಹಾಸಿಗೆಯೇ ಗತಿ. ತುಮಕೂರಿನ ಅವರ ಮನೆಗೆ ಭಾನುವಾರಗಳಲ್ಲಿ ಹೋಗುತ್ತಿದ್ದೆ. ಮಾತಾಡುತ್ತಾ ಮಾತಾಡುತ್ತಾ ನಡುವೆ ನಿಲ್ಲಿಸಿ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು. ನೋವು ಹೋದ ಮೇಲೆ, "ಎಲ್ಲಿದ್ವಿ ಮೇಡಂ," ಎನ್ನುತ್ತಿದ್ದರು. ಬಾಟಲಿ ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲೇ ಇತ್ತು. ಹೆಂಡತಿ ಅದನ್ನು ಎಸೆದಿರಲಿಲ್ಲ, ಅವರು ಎಸೆ ಎಂದೂ ಹೇಳಿರಲಿಲ್ಲ. ಮುಗಿದ ತಕ್ಷಣ ಹೊಸದನ್ನು ತರಿಸಲು ಚೀಟಿ ಹೊಸದು ಮಾಡಿಸಿ ಇಟ್ಟುಕೊಂಡಿದ್ದರು ಆಕೆ. ಬಾಟಲಿ ಮಾತ್ರ ಮುಗಿಯುತ್ತಿರಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡುವ ನೆಪ ಮಾಡಿಕೊಂಡು ಖೋ ಖೋ ತಂಡದ ಹುಡುಗಿಯರು ಸಾರನ್ನು ನೋಡಬೇಕೆಂದು ಹಟ ಹಿಡಿದರು. ಹುಡುಗಿಯರ ಮನೆಯವರನ್ನು ಒಪ್ಪಿಸಿ ನಾನೇ ಕರೆದುಕೊಂಡು ಹೋದೆ. ಅವರ ಹೆಂಡತಿ ಹಿತಕಿದ ಅವರೆಬೇಳೆ ಸಾರು ಮಾಡಿದ್ದರು. ಮೇಷ್ಟ್ರು ದಿವಾನದ ಮೇಲೆ ದಿಂಬಿಗೆ ಒರಗಿದ್ದರು. ಹುಡುಗಿಯರು ಗೋಡೆಯುದ್ದಕ್ಕೂ ಸಾಲಾಗಿ ಕೂತರು. ಅದನ್ನು ನೋಡಿ ಅವರಿಗೆ ಎಲ್ಲಿಲ್ಲದ ಉತ್ಸಾಹ.

"ಪಂಕ್ತಿ ಅಂದ್ಮೇಲೆ ನಂಗೂ ಒಂದು ತಟ್ಟೆ ಇಡೇ," ಎಂದು ಹೆಂಡತಿಗೆ ಹೇಳಿದರು.

ಬಟ್ಟಲಲ್ಲಿ ಒಂದಿಷ್ಟು ಗಂಜಿ ಹಾಕಿ ಮುಂದಿಟ್ಟರು. ಹುಡುಗಿಯರು ಉಂಡರು. ಸಾರು ಕೇಳಿ ಹಾಕಿಸಿಕೊಂಡರು. ಮೇಷ್ಟ್ರು ನೋಡುತ್ತಲೇ ಇದ್ದರು. ಗಂಜಿ ಹಾಗೇ ಇತ್ತು. ಎಲ್ಲರದೂ ಮುಗಿಯಿತು, ಯಾರೂ ಏಳಲಿಲ್ಲ.

"ಏಳ್ರಮ್ಮ, ಬಸ್ ತಪ್ಪೋಗ್ತದೆ. ಖೋ," ಎಂದರು.

ಯಾರೂ ಅಲುಗಲಿಲ್ಲ. "ಸುಳ್ ಖೋ ಕೊಟ್ರೆ ಫೌಲ್ ಸಾರ್," ಎಂದಳು ಕ್ಯಾಪ್ಟನ್. "ನಿಮ್ದಿನ್ನೂ ಆಗಿಲ್ವಲ್ಲ."

ಅವರು ನಗುತ್ತಾ ಒಂದು ಚಮಚ ಬಾಯಿಗಿಟ್ಟುಕೊಂಡರು. ನುಂಗಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಬಾಗಿದರು. ಮಕ್ಕಳೆದುರು ಅನ್ನುವುದಕ್ಕೆ ದನಿ ಹೊರಡಿಸಲಿಲ್ಲ. ಕುತ್ತಿಗೆಯ ನರ ಮಾತ್ರ ಕಾಣುತ್ತಿತ್ತು.

ಅವರ ಹೆಂಡತಿಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ವರ್ಷದಲ್ಲಿ ಆಕೆ ದನಿ ಎತ್ತಿದ್ದು ನಾನು ಕೇಳಿರಲಿಲ್ಲ. ಶೆಲ್ಫಿನಿಂದ ಬಾಟಲಿ ತಂದು ಹುಡುಗಿಯರ ಮುಂದೆ ಇಟ್ಟರು. "ನೋಡ್ರಮ್ಮ. ಔಷಧಿ ಮನೇಲೇ ಐತೆ. ಇದನ್ನ ತಗೊಂಡ್ರೆ ಇವ್ರಿಗೆ ನೋವು ತಡೀತದೆ, ನಾಕು ತುತ್ತು ಸೇರ್ತದೆ. ಗಾಂಜಾ ಗಿಡದ್ದು ಅಂತ ಮುಟ್ತಾ ಇಲ್ಲ. ಯಾರಿಗೋಸ್ಕರ ಗೊತ್ತಾ? ನಿಮಗೋಸ್ಕರ."

"ಸುಮ್ನಿರೇ," ಎಂದರು ಮೇಷ್ಟ್ರು. ಅಂಥ ಸಣ್ಣ ದನಿ ಅವರದೆಂದು ನಂಬುವುದು ಕಷ್ಟ. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

ಕ್ಯಾಪ್ಟನ್ ಎಡಗೈಯಲ್ಲಿ ಬಾಟಲಿ ಎತ್ತಿಕೊಂಡು ಎಲೆಯನ್ನು ನೋಡಿದಳು. ತಾನೇ ಬರೆದಿದ್ದ ಎಲೆ ಅವಳಿಗೆ ಗುರುತು ಸಿಕ್ಕದೆ ಇರುತ್ತದೆಯೇ?

"ಡಾಕ್ಟ್ರು ಬರ್ಕೊಟ್ಟಿದ್ದಾ ಆಂಟಿ?"

"ಹೂಂ ಕಣವ್ವ."

"ಸಾರ್," ಎಂದಳು. "ನಮ್ಮಜ್ಜಿಗೆ ಕ್ಯಾನ್ಸರ್ ಆಗಿದ್ದಾಗ ನೋವಿಗೆ ಮಾರ್ಫಿನ್ ಕೊಡ್ತಿದ್ರು. ಅದೂ ಜಾಥಾಕ್ಕೆ ನೀವು ಬರೆಸಿದ್ ಡ್ರಗ್ಸ್ ಲಿಸ್ಟಲ್ಲಿತ್ತು. ನಮ್ಮಜ್ಜಿ ಚಟದೋಳಾ?"

ಬಾಟಲಿಯನ್ನು ಅವರ ಬಟ್ಟಲಿನ ಪಕ್ಕದಲ್ಲಿಟ್ಟಳು.

"ನೀವು ತಗೊಳಿ ಸಾರ್. ಊಟ ಮಾಡಿ. ನಾವ್ ಕಾಯ್ತೀವಿ."

ಉಳಿದ ಹುಡುಗಿಯರೂ ಸರಿಯಾಗಿ ಕಾಲು ಮಡಿಸಿ ಕೂತರು. ಅವರಲ್ಲಿ ಯಾರ ಮುಖದಲ್ಲೂ ಅನುಮಾನವಿರಲಿಲ್ಲ, ಕೊಂಕಿರಲಿಲ್ಲ. ಮಳೆಗಾಲದಿಂದ ಮೇಷ್ಟ್ರು ಯಾವುದಕ್ಕೆ ಹೆದರಿ ಕರುಳು ಹಿಂಡಿಸಿಕೊಂಡಿದ್ದರೋ ಅದು ಆ ಕೋಣೆಯಲ್ಲಿ ಎಲ್ಲೂ ಇರಲಿಲ್ಲ. ಅವರಿಗದು ಗೊತ್ತಾಯಿತು. ನನ್ನ ಕಡೆ ಒಮ್ಮೆ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ.

ಹೆಂಡತಿ ಬಾಟಲಿ ಬಿಚ್ಚಿದರು. ಮೇಷ್ಟ್ರು ಮಕ್ಕಳೆದುರು ಬಾಯಿ ತೆರೆದು ನಾಲಿಗೆ ಎತ್ತಿದರು, ಆಕೆ ಹನಿ ಬಿಟ್ಟರು. ಔಷಧಿ ಹಿಡಿಯಲು ಹೊತ್ತು ಬೇಕು. ಹುಡುಗಿಯರ ಕೈ ಒಣಗಿದವು. ಗುಬ್ಬಿಯ ಬಸ್ ಹೋಯಿತು, ಅಲ್ಲಿಂದ ಹಾಗಲವಾಡಿಗೆ ಹೋಗುವ ಬಸ್ಸೂ ಸಿಗುವುದಿಲ್ಲವೆಂದು ಗೊತ್ತಾಯಿತು. ನಾನು ಕ್ಯಾಪ್ಟನ್ ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಬೈಕ್ ತೆಗೆದುಕೊಂಡು ಗುಬ್ಬಿಗೆ ಬರಲು ಹೇಳಿದೆ. ಅಷ್ಟರಲ್ಲಿ ಅವರ ಹಣೆಯ ಗಂಟು ಸಡಿಲವಾಗಿತ್ತು. ಚಮಚ ಕೈಗೆ ತೆಗೆದುಕೊಂಡರು. ನಿಧಾನವಾಗಿ, ಬಹಳ ನಿಧಾನವಾಗಿ, ಆ ಬಟ್ಟಲಿನ ಗಂಜಿಯನ್ನು ಕುಡಿದು ಮುಗಿಸಿದರು. ತಳದಲ್ಲಿದ್ದ ಅಗುಳನ್ನು ಹಾಸ್ಟೆಲಿನ ಹುಡುಗನಂತೆ ಬೆರಳಲ್ಲಿ ಬಳಿದು ತಿಂದರು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬಳನ್ನೇ ನೋಡಿ ಖೋ ಅಂದರು. ಹುಡುಗಿಯರು ಎದ್ದರು.

ಆಮೇಲೆ ಔಷಧಿಯನ್ನು ಬಿಡಲಿಲ್ಲ. ಆದರೆ ಕರುಳು ಕಟ್ಟಿಕೊಂಡಿತ್ತು, ಇನ್ನೊಂದು ಆಪರೇಷನ್ ತಡೆಯುವ ಶಕ್ತಿ ಮೈಯಲ್ಲಿರಲಿಲ್ಲ. ಶಿವರಾತ್ರಿಗೆ ಮೊದಲೇ ಹೋದರು. ನಡುವೆ ಹನಿ ನಿಲ್ಲಿಸಿದ್ದರಿಂದ ಹೀಗಾಯಿತೇ ಎಂದು ನಾನು ಬೆಂಗಳೂರಿನ ಡಾಕ್ಟರನ್ನು ಕೇಳಿದೆ. "ಇಲ್ಲಮ್ಮ, ಕಾಯಿಲೆ ಈ ದಾರಿಯಲ್ಲೇ ಬರ್ತಾ ಇತ್ತು. ಆದ್ರೆ ಅಷ್ಟು ನೋವು ತಿನ್ನೋ ಅಗತ್ಯ ಇರಲಿಲ್ಲ," ಎಂದರು. ನನಗೆ ಮೊದಲ ಮಾತಿನಿಂದ ಸಮಾಧಾನವಾಗಬೇಕಿತ್ತು. ಎರಡನೆಯದೇ ಇವತ್ತಿಗೂ ಚುಚ್ಚುತ್ತಿದೆ.

ಹುತ್ರಿದುರ್ಗದ ಬುಡದಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು. ಅವರ ಪೈಕಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ವಿಭೂತಿ ಹಚ್ಚಿ, ಕಾಲು ಮಡಿಸಿ ಕೂರಿಸಿದ್ದರು, ಬಿಸಿಯೂಟಕ್ಕೆ ಕೂರುತ್ತಿದ್ದ ಹಾಗೆಯೇ. ಶಾಲೆಯಿಂದ ಒಂದು ಬಸ್ ಮಾಡಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಎಲ್ಲ ಮುಗಿದು ಜನ ಕೈಕಾಲು ತೊಳೆದುಕೊಂಡು ಹೊರಟರು. ಮಕ್ಕಳು ಮಾತ್ರ ಹೊಲದ ಬದುವಿನ ಮೇಲೆ ಸಾಲಾಗಿ ಕೂತಿದ್ದವರು ಕೂತೇ ಇದ್ದರು. ಹೆಡ್‌ಮಾಸ್ಟರು ಕರೆದರು, ಬಸ್ಸಿನವನು ಹಾರ್ನ್ ಹೊಡೆದ. ಏಳಲಿಲ್ಲ. ಹಟದಿಂದಲ್ಲ. ಏಳುವುದು ಹೇಗೆಂದೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

ನಾನು ಹೋಗಿ ಸಾಲಿನ ತುದಿಯಲ್ಲಿ ನಿಂತೆ. ಖೋ ಅಂದೆ. ಮಕ್ಕಳು ಎದ್ದರು.